ಆರು ಶನಿವಾರಗಳ ‘ಹಿತಾಸಕ್ತಿ ಗುಂಪುಗಳು’ ತರಗತಿ: ಒಂದು ವಿಮರ್ಶೆ

ಮುಂಬಯಿ ಉಪನಗರದ ಕನ್ನಡ ಸಂಘವೊಂದು ಪ್ರಜಾಪ್ರಭುತ್ವದ ಹಿತಾಸಕ್ತಿ ಗುಂಪುಗಳನ್ನು, ಅಂದರೆ ತಮ್ಮ ಬೇಡಿಕೆಗಳನ್ನು ಸರ್ಕಾರದ ಮುಂದಿಡುವ ಗುಂಪುಗಳನ್ನು, ಕುರಿತು ಆರು ಶನಿವಾರ ಸಂಜೆ ನಡೆಸಿದ ತರಗತಿಗೆ ₹600 ಶುಲ್ಕ ಕಟ್ಟಿ, ಒಂದನ್ನೂ ತಪ್ಪಿಸದೆ ಹಾಜರಾಗಿದ್ದೆ. ಕೊಟ್ಟ ಹಣಕ್ಕೆ ಮೋಸವಾಗಲಿಲ್ಲ. ಆದರೆ ಒಂದು ಮುಖ್ಯ ವಿಷಯದಲ್ಲಿ ನನಗೆ ಭಿನ್ನಾಭಿಪ್ರಾಯವಿದೆ.

ಪಾಠಕ್ಕೆ ಆಧಾರ ಅಮೆರಿಕದ ರಾಜ್ಯಶಾಸ್ತ್ರಜ್ಞ ಗೇಬ್ರಿಯಲ್ ಆಲ್ಮಂಡ್ ಅವರ ನಾಲ್ಕು ಬಗೆಯ ವಿಂಗಡಣೆ. ಅಧಿಕಾರಿ ವರ್ಗ, ಸೇನೆಯಂಥ ಸಂಸ್ಥೆಗಳೊಳಗಿನ ಗುಂಪುಗಳು ಮತ್ತು ದಿಢೀರನೆ ಬೀದಿಗಿಳಿಯುವ ಗುಂಪುಗಳು ಮೊದಲ ಎರಡು ವಾರಗಳಲ್ಲಿ ಮುಗಿದವು.

ಮೂರನೆಯ ಶನಿವಾರವೇ ಈ ತರಗತಿಯ ಜೀವಾಳ. ಸದಸ್ಯರ ಹಿತಕ್ಕೆಂದೇ ಕಟ್ಟಿಕೊಂಡ ಸಂಘರೂಪದ ಗುಂಪುಗಳನ್ನು ವಿವರಿಸಲು ಉಪನ್ಯಾಸಕರು ಮುಂಬಯಿಯ ಹಳೆಯ ಗಿರಣಿ ಪ್ರದೇಶವಾದ ಗಿರಣಗಾಂವ್‌ನ ಬಟ್ಟೆ ಗಿರಣಿಗಳನ್ನೇ ಆರಿಸಿಕೊಂಡರು. 1875ರಲ್ಲಿ ಹುಟ್ಟಿದ ಗಿರಣಿ ಮಾಲೀಕರ ಸಂಘವೂ ಕಾರ್ಮಿಕ ಸಂಘಗಳೂ ಒಂದೇ ವರ್ಗಕ್ಕೆ ಸೇರಿದರೂ ಅವುಗಳ ಬಲ ಒಂದೇ ಅಲ್ಲವೆಂಬುದನ್ನು 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಆರಂಭವಾದ ಮುಷ್ಕರದ ಮೂಲಕ ತೋರಿಸಿದರು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದ್ದರೂ, ಒಂದು ಪ್ರದೇಶದ ಒಂದು ಉದ್ಯಮಕ್ಕೆ ಒಂದೇ ಪ್ರಾತಿನಿಧಿಕ ಸಂಘವನ್ನು ಮಾನ್ಯ ಮಾಡುವ 1946ರ ಬಾಂಬೆ ಕೈಗಾರಿಕಾ ಸಂಬಂಧಗಳ ಕಾಯ್ದೆಯ ಪ್ರಕಾರ ಆ ಸ್ಥಾನ ಸಾಮಂತ್ ಅವರದಲ್ಲದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದ್ದಾಗಿತ್ತು. ಜನಬೆಂಬಲ ಒಂದು ಕಡೆ, ಮಾತುಕತೆಯ ಹಕ್ಕು ಇನ್ನೊಂದು ಕಡೆ. ಗುಂಪಿನ ಬಗೆಯನ್ನು ತಿಳಿದರಷ್ಟೇ ಸಾಲದು, ಅದಕ್ಕೆ ಕಾನೂನು ಯಾವ ಬಾಗಿಲು ತೆರೆದಿದೆಯೆಂದೂ ನೋಡಬೇಕೆಂಬುದು ನನಗೆ ಅಂದು ಮನವರಿಕೆಯಾಯಿತು. ಗಿರಣಿ ಕಾರ್ಮಿಕರ ಮನೆಗಳಿಂದ ಬಂದ ಕೆಲವರು ಅಂದು ಪಾಠ ಮುಗಿದ ಮೇಲೂ ಎದ್ದು ಹೋಗಲಿಲ್ಲ.

ಐದನೆಯ ವಾರ ಮಾತ್ರ ನಿರಾಸೆಯಾಯಿತು. ಜಾತಿ, ಭಾಷೆ, ಬಂಧುತ್ವದ ಗುಂಪುಗಳನ್ನೆಲ್ಲ ಉಪನ್ಯಾಸಕರು ‘ಸಂಘರೂಪವಲ್ಲದವು’ ಎಂದು ಒಂದೇ ಸಾಲಿಗೆ ಸೇರಿಸಿಬಿಟ್ಟರು. ಊರ ಹಿರಿಯರೊಬ್ಬರು ಆಗೊಮ್ಮೆ ಈಗೊಮ್ಮೆ ಶಾಸಕರಲ್ಲಿ ಸಮುದಾಯದ ಪರವಾಗಿ ಮಾತಾಡಿದರೆ ಆ ಹೆಸರು ಸರಿ. ಆದರೆ ನೋಂದಣಿ, ನಿಯಮಾವಳಿ, ಚುನಾಯಿತ ಸಮಿತಿ ಇರುವ ಜಾತಿಸಂಘವನ್ನೋ ಭಾಷಾಸಂಘವನ್ನೋ ಹಾಗೆ ಕರೆಯಲಾಗದು. ಆಲ್ಮಂಡ್ ಅವರೇ ಜನಾಂಗೀಯ ಸಂಘಟನೆಗಳನ್ನು ಸಂಘರೂಪದ ಗುಂಪುಗಳ ಜೊತೆ ಇಟ್ಟಿದ್ದಾರೆ. ಕರಾವಳಿಯ ಮೊಗವೀರ ಸಮುದಾಯದವರು 1902ರಲ್ಲಿ ಸ್ಥಾಪಿಸಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆ ಈ ನಗರದಲ್ಲೇ ಇರುವಾಗ ಉದಾಹರಣೆಗೆ ಬರವಿರಲಿಲ್ಲ. ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳ ಪರವಾಗಿ ಯಾರು, ಯಾವ ರೂಪದಲ್ಲಿ, ಯಾವ ಬಾಗಿಲು ತಟ್ಟಬೇಕೆಂಬ ನಮ್ಮದೇ ಪ್ರಶ್ನೆಗೆ ಇಲ್ಲಿಂದಲೇ ಉತ್ತರ ಹುಡುಕಬೇಕಿತ್ತು.

ಮುಂದಿನ ಸರಣಿಯಲ್ಲಿ ಈ ಪಾಠಕ್ಕೆ ಎರಡು ಶನಿವಾರಗಳನ್ನು ಮೀಸಲಿಡಬೇಕೆಂದು ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ. ಹಾಗೆ ಮಾಡಿದರೆ ಇನ್ನೊಮ್ಮೆ ಶುಲ್ಕ ಕಟ್ಟಿ ಬರುತ್ತೇನೆ.