ಉಗುರಿನ ಟೆಸ್ಟಿಗೆ ಐದು ಸ್ಟಾರ್, ವೇಟಿಂಗ್ ಹಾಲಿಗೆ ಒಂದ

ನಮ್ಮಕ್ಕಗ ಸ್ಕ್ಲೀರೋಡರ್ಮಾ, ಅಂದ್ರ ಚರ್ಮ ಬಿರುಸಾಗೋ ರೋಗ ಐತಿ. ಪುಣೆ ಥಂಡ್ಯಾಗ ಮುಂಜಾನೆ ನಳದ ನೀರು ಮುಟ್ಟಿದ್ರ ಸಾಕು, ಬೆರಳು ಮೊದ್ಲ ಸುಣ್ಣ ಬಳದಂಗ ಬೆಳ್ಳಗ, ಆಮ್ಯಾಲ ನೀಲಿ, ಕಡೀಕ ಕೆಂಪಗ ಆಗಿ ಉರೀತಾವ, ಇದಕ್ಕ ರೇನೋ ಅಂತಾರ. ಡಾಕ್ಟರು ಕ್ಯಾಪಿಲರೋಸ್ಕೋಪಿ (ಉಗುರಿನ ಬುಡದ ಸಣ್ಣ ರಕ್ತನಾಳ ನೋಡೋ ಟೆಸ್ಟ್) ಮಾಡಿಸ್ರಿ ಅಂದ್ರು, ಕೊಥ್ರೂಡಿನ ನಮ್ಮ ಮನೀಂದ ರಿಕ್ಷಾದಾಗ ಇಪ್ಪತ್ತು ನಿಮಿಷದ ಒಂದು ಕ್ಲಿನಿಕ್ಕಿಗೆ ಹೋದ್ವಿ. ಹೆಸರು ಬ್ಯಾಡ ಬಿಡ್ರಿ.

ಹೊರಗ ಮೇ ತಿಂಗಳ ಬಿಸಲು, ಒಳಗ ಏಸಿ 18! ಇಲ್ಲಿಗೆ ಬರೋರ ಥಂಡಿ ತಡೀಲಾರದ ಪೇಶಂಟು, ಟೆಸ್ಟಿನ ಮೊದ್ಲ ಬೆಚ್ಚನ ರೂಮಿನ್ಯಾಗ ಕಾಲು ತಾಸರ ಕೂತಿರಬೇಕು. ರಿಸೆಪ್ಶನ್ನಿನ ಹುಡುಗಿಗೆ ಏಸಿ ಕಮಿ ಮಾಡವ್ವಾ ಅಂದ್ರ ‘ಸೆಂಟ್ರಲ್ ಆಹೆ’ ಅಂತ ಮತ್ತ ಮೊಬೈಲ್ ನೋಡಕೊಂತ ಕುಂತ್ಲು. ಅಕ್ಕನ ನಡುಬೆರಳು ಅಲ್ಲೇ ಬೆಳ್ಳಗಾತು, ಸೀರಿ ಸೆರಗಿನ್ಯಾಗ ಸುತ್ತಿ ಅರ್ಧ ತಾಸು ತಿಕ್ಕಿದೆ.

ಟೆಸ್ಟ್ ಮಾತ್ರ ಭಾಳ ಛಲೋ ಮಾಡಿದ್ರು. ಸೂಜಿ ಇಲ್ಲ, ರಕ್ತ ಇಲ್ಲ, ಉಗುರಿನ ಬುಡಕ್ಕ ಒಂದು ಹನಿ ಎಣ್ಣಿ ಹಾಕಿ 200 ಪಟ್ಟು ದೊಡ್ಡದು ಮಾಡೋ ಸಣ್ಣ ಕ್ಯಾಮೆರಾ ಇಡ್ತಾರ. ಮೊದ್ಲ ನನ್ನ ಬೆರಳ ಇಟ್ಟು ತೋರಿಸಿದ್ರು, ಹೇರ್‌ಪಿನ್ ಸಾಲಾಗಿ ಚುಚ್ಚಿದಂಗ ರಕ್ತನಾಳ. ಅಕ್ಕಂದ್ರಾಗ ಒಂದೆರಡು ಉಬ್ಬಿ ಜಿಲೇಬಿ ಆಗ್ಯಾವ, ರಕ್ತ ಒಸರಿದ ಕಪ್ಪು ಚುಕ್ಕಿ, ನಡುವ ಬರೇ ಖಾಲಿ. ‘ಬರಗಾಲದ ಹೊಲ ಕಂಡಂಗ ಕಾಣತೈತಲ್ಲೋ’ ಅಂದ್ಲು ಅಕ್ಕ, ನನಗ ಏನ್ ಹೇಳಬೇಕು ತಿಳೀಲಿಲ್ಲ.

ಡಾಕ್ಟರು ಕುಂತು ಬಿಡಿಸಿ ಹೇಳಿದ್ರು. ರೋಗ ಗುರ್ತಿಸೋ 2013ರ ಮಾರ್ಕಿನ ಪಟ್ಟಿ ಪ್ರಕಾರ 9 ಆದ್ರ ಸ್ಕ್ಲೀರೋಡರ್ಮಾ ಅಂತ ಲೆಕ್ಕ, ಅದರಾಗ ರೇನೋಕ್ಕ 3, ಈ ಉಗುರಿನ ರಕ್ತನಾಳ ಕೆಟ್ಟಿದ್ದಕ್ಕ 2 (ಯಾರಿಗೂ ಬ್ಯಾಡಾದ ಮಾರ್ಕ್ ನೋಡ್ರಿ). ರೋಗ ಬೆರಳಿಗಷ್ಟ ನಿಂದ್ರೋದಲ್ಲಂತ, ಶ್ವಾಸಕೋಶದ ರಕ್ತನಾಳಕ್ಕೂ ಹೊಡೀತೈತಿ, ಅದಕ್ಕ ವರ್ಷಕ್ಕೊಮ್ಮೆ ಎಕೋ (ಹಾರ್ಟಿನ ಸ್ಕ್ಯಾನ್), ಉಸಿರಿನ ಟೆಸ್ಟ್ ತಪ್ಪಸಬ್ಯಾಡ್ರಿ ಅಂದ್ರು. ಮನ್ಯಾಗ ಬಿಪಿ ನೋಡ್ಕೊಂತ ಇರ್ರಿ, ಒಮ್ಮೆಲೇ ಏರಿದ್ರ ಕಿಡ್ನಿ ಕೈಕೊಟ್ಟೀತು, ನಾಳೆ ಅನ್ನದ ಅವತ್ತ ಬರ್ರಿ ಅಂತ ಎರಡು ಸಲ ಹೇಳಿದ್ರು. ರೇನೋದ ಗುಳಿಗಿ ನಿಫೆಡಿಪಿನ್‌ದಿಂದ ಅಕ್ಕನ ಕಾಲು ಬಾತಿದ್ದೂ ಅವರ ಕಣ್ಣಿಗೇ ಬಿತ್ತು.

ರೇಟು ತುಸು ಜಾಸ್ತಿನ. ಹೋಗೋರು ಅದಕ್ಕಿಂತ ಕೆಲವು ವಾರ ಮುಂಚೆಯಿಂದ ಉಗುರಿನ ಬುಡದ ಚರ್ಮ ಕತ್ತರಿಸಬ್ಯಾಡ್ರಿ, ನೇಲ್‌ಪಾಲಿಶ್ ತೆಗದು ಹೋಗ್ರಿ, ಇದನ್ನ ಫೋನಿನ್ಯಾಗ ಯಾರೂ ಹೇಳಂಗಿಲ್ಲ. ಮತ್ತ ಮೇ ತಿಂಗಳಿದ್ರೂ ಉಲನ್ ಕೈಗವಸು ಒಯ್ರಿ.