ಟಾಮಿಯಾ ಟಿಟಿ-02 ಕಿಟ್: ನಮ್ಮ ಮಂಗಳೂರಿಗೆ ಹೊಂದುತ್ತದಾ?

ಆರ್‌ಸಿ ಕಾರು, ಅಂದರೆ ರಿಮೋಟ್‌ನಲ್ಲಿ ಓಡಿಸುವ ಆಟದ ಕಾರು, ಯಾವುದು ತಗೊಳ್ಳಲಿ ಅಂತ ಕೇಳುವವರಿಗೆಲ್ಲ ನಾನು ಹೇಳುವುದು ಒಂದೇ. ಸುಮ್ನೆ ಓಡಿಸಿದರೆ ಸಾಕು ಅನ್ನುವವರು ರೆಡಿ ಕಾರು ತಗೊಳ್ಳಿ, ಬಿಚ್ಚಿ ಜೋಡಿಸಿ ಟ್ಯೂನಿಂಗ್ ಕಲಿಯಬೇಕು ಅನ್ನುವವರು ಟಾಮಿಯಾ ಟಿಟಿ-02 ಕಿಟ್ ತಗೊಳ್ಳಿ. 2013ರಲ್ಲಿ ಬಂದ ಚಾಸಿ (ಕಾರಿನ ಕೆಳಗಿನ ಚೌಕಟ್ಟು) ಇದು. ನಿಜವಾದ ಕಾರಿನ ಹತ್ತನೇ ಒಂದರಷ್ಟು ಅಳತೆ, ನಾಲ್ಕೂ ಚಕ್ರ ಎಳೆಯುತ್ತವೆ, ನಡುವೆ ಉದ್ದಕ್ಕೆ ಒಂದು ಶಾಫ್ಟ್. ಹಳೇದು ಅಂತ ಮೂಗು ಮುರಿಯಬೇಡಿ, ಗೇರ್‌ಗಳೆಲ್ಲ ಡಬ್ಬಿಯೊಳಗೆ ಮುಚ್ಚಿಕೊಂಡಿರುವುದರಿಂದ ನಮ್ಮೂರಿನ ಮುರಕಲ್ಲಿನ ಧೂಳಿಗೆ ಇದು ಚೆನ್ನಾಗಿ ತಡೆಯುತ್ತದೆ.

ರಿಮೋಟ್, ಅದರ ಸಿಗ್ನಲ್ ಹಿಡಿಯುವ ರಿಸೀವರ್, ಚಕ್ರ ತಿರುಗಿಸುವ ಸರ್ವೋ, ಬ್ಯಾಟರಿ, ಚಾರ್ಜರ್ ಎಲ್ಲ ಬೇರೆ ಕೊಳ್ಳಬೇಕು, ಹಾಗಾಗಿ ಪೆಟ್ಟಿಗೆಯ ಬೆಲೆ ನೋಡಿ ಲೆಕ್ಕ ಹಾಕಬೇಡಿ. ಮೋಟಾರಿನ ವೇಗ ಹತೋಟಿ ಮಾಡುವ ಇಎಸ್‌ಸಿ ಕೆಲವು ಕಿಟ್‌ಗಳಲ್ಲಿ ಇರುತ್ತದೆ, ಕೆಲವದರಲ್ಲಿ ಇಲ್ಲ. ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಹಾಕುವುದಾದರೆ ಕಟ್‌ಆಫ್, ಅಂದರೆ ಚಾರ್ಜ್ ತೀರಾ ಇಳಿಯುವ ಮೊದಲೇ ಓಟ ನಿಲ್ಲಿಸುವ ವ್ಯವಸ್ಥೆ, ಇರುವ ಇಎಸ್‌ಸಿಯೇ ಬೇಕು. ಹಾಬಿವಿಂಗ್ ಕಂಪನಿಯ 1060 ಇಎಸ್‌ಸಿಯಲ್ಲಿ ಅದು ಇದೆ, ಚಿಕ್ಕ ಜಂಪರ್ ತುಂಡನ್ನು ಲೈಪೋ ಕಡೆ ಸಿಕ್ಕಿಸಿದರೆ ಆಯ್ತು. ಸ್ಕ್ರೂಗಳ ತಲೆ ಜಪಾನಿ ನಮೂನೆಯದು, ಮನೆಯ ಮಾಮೂಲಿ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ತಲೆ ಸವೆದುಹೋಗುತ್ತದೆ. ಸರಿಯಾದ ಡ್ರೈವರಿಗೆ ದುಡ್ಡು ಹಾಕಿ, ಮತ್ತೆ ಪ್ಲಾಸ್ಟಿಕ್‌ಗೆ ಬಿಗಿಯಾದ ಕೂಡಲೇ ಕೈ ನಿಲ್ಲಿಸಿ.

ಕಿಟ್‌ನ ದೊಡ್ಡ ಕೊರತೆ ಶಾಫ್ಟ್‌ಗಳು ತಿರುಗುವ ಕಡೆ ಕೊಟ್ಟಿರುವ ಪ್ಲಾಸ್ಟಿಕ್ ಬುಷ್ (ಬಳೆ). ಜೋಡಿಸುವಾಗಲೇ ಅದನ್ನು ಬಿಟ್ಟು 5 ಮಿ.ಮೀ. ಒಳ ಅಳತೆ, 11 ಮಿ.ಮೀ. ಹೊರ ಅಳತೆಯ ಬಾಲ್ ಬೇರಿಂಗ್ ಹಾಕಿಬಿಡಿ, ಆಮೇಲೆ ಮಾಡೋಣ ಅಂದರೆ ಇಡೀ ಕಾರು ಬಿಚ್ಚಬೇಕು. ಎರಡನೇದು ಡ್ಯಾಂಪರ್, ಅಂದರೆ ಕುಲುಕಾಟ ತಡೆಯುವ ಶಾಕ್. ಕಿಟ್‌ನಲ್ಲಿ ಬರುವುದರಲ್ಲಿ ಎಣ್ಣೆಯೇ ಇಲ್ಲ, ಬರೀ ಉಜ್ಜಾಟದಲ್ಲಿ ಕೆಲಸ ಮಾಡುತ್ತದೆ. ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಓಡಿಸಿ ನೋಡಿ, ಕಾರು ಕಪ್ಪೆ ಥರ ಕುಪ್ಪಳಿಸುತ್ತದೆ. ಟಾಮಿಯಾದ್ದೇ ಸಿವಿಎ ಎಣ್ಣೆ ಶಾಕ್ ಹಾಕಿದರೆ ಅದೇ ಅಂಗಳದಲ್ಲಿ ಚಕ್ರಗಳು ನೆಲ ಬಿಡುವುದಿಲ್ಲ.

ನನಗೆ ತುಂಬ ಇಷ್ಟವಾದದ್ದು ಡಿಫ್ ಕೆಲಸ. ಡಿಫ್ ಅಂದರೆ ಡಿಫರೆನ್ಷಿಯಲ್, ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಕಾರು ಎತ್ತಿ ಮುಂದಿನ ಒಂದು ಚಕ್ರ ತಿರುಗಿಸಿ, ಇನ್ನೊಂದು ಉಲ್ಟಾ ಸಲೀಸಾಗಿ ತಿರುಗುತ್ತದೆ. ಅಂದರೆ ತಿರುವಿನಲ್ಲಿ ಒಳಗಿನ ಚಕ್ರ ಹಗುರಾದ ಕೂಡಲೇ ಶಕ್ತಿಯೆಲ್ಲ ಅಲ್ಲೇ ಸುಮ್ನೆ ಹೋಗುತ್ತದೆ. ಮುಂದಿನ ಡಿಫ್ ಬಿಚ್ಚಿ ದಪ್ಪ ಗ್ರೀಸ್ ತುಂಬಿ, ಹಿಂದಿನದ್ದನ್ನು ಹಾಗೇ ಬಿಡಿ. ಈಗ ಚಕ್ರ ತಿರುಗಿಸಿದರೆ ಬೆರಳಿಗೆ ಒಂದು ಹದವಾದ ಬಿಗಿ ಸಿಗುತ್ತದೆ, ತಿರುವಿನಿಂದ ಹೊರಗೆ ಬರುವಾಗ ಮೂತಿ ನೆಟ್ಟಗೆ ಎಳೆಯುತ್ತದೆ. ರೇಸಿನಲ್ಲಿ ದೊಡ್ಡ ಮೋಟಾರ್ ಹಾಕಿದವನನ್ನು ಇಷ್ಟರಿಂದಲೇ ತಿರುವಿನಲ್ಲಿ ಹಿಂದೆ ಹಾಕಬಹುದು, ನಿಜವಾಗಿ.

ವೇಗ ಬೇಕಾದವರು ಮೊದಲು ಪಿನಿಯನ್‌ಗೆ, ಅಂದರೆ ಮೋಟಾರಿನ ಮೇಲಿನ ಚಿಕ್ಕ ಗೇರ್‌ಗೆ, ಕೈ ಹಾಕುತ್ತಾರೆ. ಮಾಮೂಲಿ 22 ಹಲ್ಲಿನ ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರ್ 70 ಹಲ್ಲಿನ ಸ್ಪರ್. ದೊಡ್ಡ ಪಿನಿಯನ್ ಹಾಕಿದರೆ ನೇರದಲ್ಲಿ ಓಟ ಜಾಸ್ತಿ, ಮೋಟಾರ್ ಬಿಸಿಯೂ ಜಾಸ್ತಿ. ಏಪ್ರಿಲ್ ಸೆಕೆಯಲ್ಲಂತೂ ಓಡಿಸಿದ ಮೇಲೆ ಮೋಟಾರ್ ಮೇಲೆ ಬೆರಳಿಡಲು ಆಗುವುದಿಲ್ಲ ಅಂದರೆ ಚಿಕ್ಕ ಪಿನಿಯನ್‌ಗೆ ಇಳಿಯಿರಿ.

ಕಾಂಕ್ರೀಟ್ ರಸ್ತೆಯಂಥ ಗಟ್ಟಿ ನೆಲದಲ್ಲಿ ಹಿಡಿತ ಚೆನ್ನಾಗಿರುತ್ತದೆ, ಟೈರ್ ಬೇಗ ಸವೆಯುತ್ತದೆ, ಅದಕ್ಕೆ ಏನೂ ಮಾಡುವಂತಿಲ್ಲ. ಭಾನುವಾರ ಬೆಳಗ್ಗೆ ಖಾಲಿ ಇರುವ ಪಾರ್ಕಿಂಗ್ ಜಾಗ, ನೀರು ತುಂಬಿದ ಬಾಟಲಿಗಳೇ ಟ್ರ್ಯಾಕಿನ ಗುರುತು, ನಾಲ್ಕು ಜನ ಸೇರಿದರೆ ರೇಸು. ಪಣಂಬೂರು, ತಣ್ಣೀರುಬಾವಿ ಬೀಚಿಗೆ ಮಾತ್ರ ಬೇಡ ಮಾರಾಯ್ರೆ. ಒದ್ದೆ ಮರಳು ರಸ್ತೆಯಂತೆ ಗಟ್ಟಿಯಾಗಿ ಕಾಣುತ್ತದೆ, ಆದರೆ ಉಪ್ಪುನೀರು ತಾಗಿದ ಉಕ್ಕಿನ ಬೇರಿಂಗ್ ತುಕ್ಕು ಹಿಡಿದು ಕಿರ್ರ್ ಅನ್ನಲು ಹೆಚ್ಚು ಹೊತ್ತು ಬೇಡ.

ಬಿಡಿಭಾಗಗಳ ವಿಷಯಕ್ಕೆ ನನಗೆ ಬೇಸರವಿದೆ. ಬೇಕಾದದ್ದು ಇಲ್ಲಿ ಕೈಗೆ ಸಿಗದೆ ಆನ್‌ಲೈನಿನಲ್ಲಿ ತರಿಸಿದೆ, ಸ್ಟಾಕ್ ಇದೆ ಅಂತ ದುಡ್ಡು ತಗೊಂಡ ಅಂಗಡಿಯವರು ವಾರಗಟ್ಟಲೆ ಫೋನೇ ಎತ್ತಲಿಲ್ಲ. ಮೇಲಿಂದ ಜೂನ್ ನಂತರ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಕೊರಿಯರೂ ನಿಂತಿತು. ಮುಂದಿನ ಸಸ್ಪೆನ್ಷನ್ ಆರ್ಮ್ ಒಂದು ಜೊತೆ ಮಳೆಗಾಲದ ಮೊದಲೇ ತಂದಿಟ್ಟುಕೊಳ್ಳಿ, ಗೋಡೆಗೆ ಗುದ್ದಿದಾಗ ಮುರಿಯುವುದು ಅದೇ. ಮಳೆಗೆ ಕಾರು ಮೂಲೆ ಸೇರುವಾಗ ಲೈಪೋವನ್ನು ಪೂರ್ತಿ ಚಾರ್ಜ್ ಮಾಡಿ ಇಡಬೇಡಿ, ಸೆಲ್ಲಿಗೆ 3.8 ವೋಲ್ಟ್ ಸಾಕು. ಕಾರಿನ ಮೇಲಿನ ಕವಚಕ್ಕೆ (ಬಾಡಿ) ಒಳಗಿನಿಂದ ಬಣ್ಣ ಹೊಡೆಯಬೇಕು, ಅದನ್ನೂ ಮಳೆಯಲ್ಲಿ ಮಾಡಬೇಡಿ, ಗಾಳಿಯ ತೇವಕ್ಕೆ ಸ್ಪ್ರೇ ಬಣ್ಣ ಬೆಳ್ಳಗೆ ಮಬ್ಬಾಗುತ್ತದೆ. ಬಿಸಿಲು ಬರುವ ತನಕ ಬಾಡಿ ಕವರಿನಲ್ಲೇ ಇರಲಿ.