ವೈರಿನ ತೂತಿಗೆ ಯಾವುದು ವಾಸಿ: ಚಪ್ಪಟೆ ಬಿಟ್, ಜಿಗ್ ಸಾ, ಹೋಲ್ ಸಾ, ಹಿಂಜ್ ಬಿಟ್

ಮಡಿಕೇರಿಯ ನಮ್ಮ ಮನೆಗೆ ಫೈಬರ್ ಕನೆಕ್ಷನ್ ಬಂದ ಮೇಲೆ ವೈರುಗಳದ್ದೇ ಕಾಟ. ಮೋಡೆಮ್, ಅದಕ್ಕೊಂದು ಪುಟ್ಟ ಯುಪಿಎಸ್, ಟಿವಿ, ಸೆಟ್‌ಟಾಪ್ ಬಾಕ್ಸ್. ಸಿಡಿಲಿಗೆ ಒಂದು ಮೋಡೆಮ್ ಆಗಲೇ ಸುಟ್ಟಿದೆ. ಹಾಗಾಗಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವ ಹಾಗಿರಬೇಕು, ವೈರುಗಳೂ ಅಚ್ಚುಕಟ್ಟಾಗಿರಬೇಕು. ವೈರು ಹಾಯಿಸಲು ಒಟ್ಟು ಮೂರು ಸಾಮಾನಿಗೆ ತೂತು ಕೊರೆದೆ: ಅಂಗಡಿಯ ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ) ಟಿವಿ ಯುನಿಟ್, ತೋಟದ ಹಲಸಿನ ಹಲಗೆಯ ಮೇಜು, ಅಜ್ಜಿಯ ಕಾಲದ ಬೀಟೆ ಬೀರು. ಯಾವುದನ್ನೂ ಬಿಚ್ಚಲಿಲ್ಲ. ಪಾರ್ಟಿಕಲ್ ಬೋರ್ಡಿನ ಸ್ಕ್ರೂ ಒಮ್ಮೆ ಬಿಚ್ಚಿದರೆ ಮತ್ತೆ ಮೊದಲಿನಷ್ಟು ಗಟ್ಟಿ ಹಿಡಿಯಲ್ಲ. ಹಳೇ ಬೀರುವಿನ ಕೀಲು ಕಿತ್ತರೆ ಕೂರಿಸುವವರು ಯಾರು?

ಮೊದಲು ಕೈಗೆ ಸಿಕ್ಕಿದ್ದು 25 ಮಿಲಿಮೀಟರಿನ ಚಪ್ಪಟೆ ಬಿಟ್, ಡ್ರಿಲ್ಲಿಗೆ ಸಿಕ್ಕಿಸುವ ಅಗಲ ತುದಿಯದು. ಅಗ್ಗ, ಬೇಗ ಕೊರೆಯುತ್ತದೆ. ಟಿವಿ ಯುನಿಟ್ಟಿನ ಹಿಂದಿನಿಂದ ಒತ್ತಿದೆ. ಒಳಗಡೆಗೆ ಬಿಟ್ ಹೊರಬಂದಾಗ ಸನ್ಮೈಕಾ ಚಕ್ಕೆ ಚಕ್ಕೆಯಾಗಿ ಎದ್ದುಬಂತು. ಅದಕ್ಕಿಂತ ಬೇಜಾರಾಗಿದ್ದು ಮೂರು ಪಿನ್ನಿನ ಪ್ಲಗ್ ತೂತಿನೊಳಗೆ ಹೋಗದೇ ಇದ್ದದ್ದು. ಆಮೇಲೆ ಅಳೆದರೆ ಪ್ಲಗ್ಗಿನ ಅಗಲ ಹತ್ತಿರ ಹತ್ತಿರ 4 ಸೆಂಟಿಮೀಟರ್. ಬರೀ ಎಚ್‌ಡಿಎಂಐ ವೈರಾಗಿದ್ದರೆ 25 ಸಾಕಾಗ್ತಿತ್ತು. ಬಿಟ್ ಕೊಳ್ಳುವ ಮೊದಲು ಪ್ಲಗ್ ಅಳೆಯಿರಿ, ದಯವಿಟ್ಟು.

ತೂತು ದೊಡ್ಡದು ಮಾಡಲು ಜಿಗ್ ಸಾ ತಂದೆ, ಸಣ್ಣ ಬ್ಲೇಡು ಮೇಲೆ ಕೆಳಗೆ ಓಡುವ ಕರೆಂಟಿನ ಗರಗಸ. ಎಷ್ಟು ದೊಡ್ಡದು ಬೇಕಾದರೂ, ಯಾವ ಆಕಾರ ಬೇಕಾದರೂ ಕತ್ತರಿಸಬಹುದು, ನಿಜ. ಆದರೆ ಅದರ ಅಡಿಯ ತಟ್ಟೆ ಕೂರಲು ಸುತ್ತ ಸಪಾಟು ಜಾಗ ಬೇಕು. ನನ್ನ ತೂತು ಮೂಲೆಯ ಪಟ್ಟಿಗೆ ಎರಡು ಬೆರಳು ದೂರ. ತಟ್ಟೆ ಕೂರಲೇ ಇಲ್ಲ. ಜೋಡಿಸಿದ ಸಾಮಾನಿಗೆ ನಾನಂತೂ ಜಿಗ್ ಸಾ ಹೇಳಲ್ಲ.

ಕೊನೆಗೆ ಕೆಲಸ ಮಾಡಿದ್ದು 50 ಮಿಲಿಮೀಟರಿನ ಹೋಲ್ ಸಾ, ಡ್ರಿಲ್ಲಿಗೆ ಸಿಕ್ಕಿಸುವ ಬಟ್ಟಲಿನಂಥ ದುಂಡು ಗರಗಸ. ಇದರಲ್ಲೊಂದು ತೊಡಕಿದೆ. ನಡುವಿನ ಸಣ್ಣ ಬಿಟ್ ಮರವನ್ನು ಕಚ್ಚಿ ಹಿಡಿದರೆ ಮಾತ್ರ ಸುತ್ತಿನ ಹಲ್ಲು ನೆಟ್ಟಗೆ ಓಡುತ್ತದೆ. ಮೊದಲೇ ತೂತಿದ್ದರೆ ನಡುವೆ ಹಿಡಿಯಲು ಮರವೇ ಇಲ್ಲ, ಅಲ್ವಾ? ಮನೆಗೆ ಬಂದಿದ್ದ ಆಚಾರಿಯವರು ದಾರಿ ತೋರಿಸಿದರು. ಪ್ಲೈವುಡ್ ತುಂಡೊಂದರಲ್ಲಿ ಅದೇ ಹೋಲ್ ಸಾದಿಂದ ಮೊದಲು ತೂತು ಮಾಡಿಸಿದರು. ಆ ತುಂಡನ್ನು ಹಳೇ ತೂತಿನ ಮೇಲೆ ಕ್ಲ್ಯಾಂಪ್ ಹಾಕಿ ಬಿಗಿದರು. ಹಲ್ಲು ಆ ತೂತಿನ ಗೋಡೆ ಹಿಡಿದು ನೆಟ್ಟಗೆ ಇಳಿಯಿತು. "ಒಳಗಿಂದ ಒಂದು ಹಲಗೆ ಒತ್ತಿ ಹಿಡ್ಕೊಳ್ಳಿ, ಸಿಬಿರು ಏಳಲ್ಲ" ಅಂದರು. ಈ ಸಲ ಅಂಚು ನುಣ್ಣಗೆ ಬಂತು.

ಹಲಸಿನ ಮೇಜಿಗೂ ಹೋಲ್ ಸಾವನ್ನೇ ಹಾಕಿದೆ. ಹಲಗೆ ಒಂದಿಂಚು ದಪ್ಪ. ಅರ್ಧ ಇಳಿಯುವಷ್ಟರಲ್ಲಿ ಹಳದಿ ಪುಡಿ ಹಲ್ಲಿನ ಸಂದಿಯಲ್ಲಿ ತುಂಬಿ ಹೊಗೆ ಬಂತು. ಡ್ರಿಲ್ಲಿನ ವೇಗ ಇಳಿಸಿ, ಆಗಾಗ ಹೊರತೆಗೆದು ಪುಡಿ ಕೊಡವಿದರೆ ಆ ತೊಂದರೆಯಿಲ್ಲ. ನಡುವಿನ ಬಿಟ್ಟಿನ ತುದಿ ಕೆಳಗೆ ಕಂಡ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಕೆಳಗಿನಿಂದ ಕೊರೆದೆ. ಎರಡೂ ಮುಖ ಚೊಕ್ಕ. ಎರಡು ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ, ಹಲ್ಲು ಸಿಕ್ಕಿಕೊಂಡರೆ ಮಣಿಕಟ್ಟು ತಿರುಚುತ್ತದೆ.

ಬೀಟೆ ಬೀರುವಿಗೆ ಮಾತ್ರ ಹೋಲ್ ಸಾ ಹಿಡಿಯಲು ಮನಸ್ಸು ಬರಲಿಲ್ಲ. ಕಪಾಟಿನ ಬಾಗಿಲಿಗೆ ಆಟೋ ಹಿಂಜ್ (ತಾನೇ ಮುಚ್ಚುವ ಕೀಲು) ಕೂರಿಸಲು ಆಚಾರಿಗಳು ಬಳಸುವ 35 ಮಿಲಿಮೀಟರಿನ ಹಿಂಜ್ ಬಿಟ್ ಕೇಳಿ ತಂದೆ. ಮೋಡೆಮ್‌ಗೆ ಅಷ್ಟು ಸಾಕು, ಅಡಾಪ್ಟರ್ ಗೋಡೆ ಕಡೆ ಉಳಿಯುತ್ತದೆ, ಸಣ್ಣ ಪಿನ್ ಮಾತ್ರ ಒಳಗೆ ಬರುತ್ತದೆ. ಬೀರುವಿನ ಒಳಗೆ ಡ್ರಿಲ್ ಹಿಡಿಯುವಷ್ಟು ಆಳ ಇತ್ತು, ಒಳಗಿನಿಂದಲೇ ಕೊರೆದೆ. ಬಿಟ್ಟಿನ ಅಂಚು ಮೊದಲು ದುಂಡಗೆ ಗೆರೆ ಕೊಯ್ಯುತ್ತದೆ, ಆಮೇಲೆ ಒಳಗಿನ ಮರ ತೆಳ್ಳಗೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಕೋಣೆಯೆಲ್ಲ ಬೀಟೆಯ ಸಿಹಿ ವಾಸನೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು, ಏನೂ ಹೇಳಲಿಲ್ಲ. ಮುಗಿದ ಮೇಲೆ ತೂತಿನ ಅಂಚಿಗೆ ಬೆರಳಾಡಿಸಿ "ಸರಿ" ಅಂದರು. ಗಟ್ಟಿಮರಕ್ಕೆ ಇದರಷ್ಟು ಚೊಕ್ಕವಾದದ್ದು ಬೇರೆ ಇಲ್ಲ. ನಿಧಾನ ಹೌದು. ಬೀಟೆಯ ಪುಡಿ ಕೆಲವರಿಗೆ ಚರ್ಮ, ಮೂಗಿಗೆ ಆಗಲ್ಲ, ಮಾಸ್ಕ್ ಹಾಕಿಕೊಳ್ಳಿ.

ಒಂದೇ ಒಂದು ಕೊಳ್ಳುವವರು ಹೋಲ್ ಸಾ ಕೊಳ್ಳಿ, 50ರದ್ದು. ಹಳೇ ಮರದ ಸಾಮಾನಿದ್ದರೆ ಹಿಂಜ್ ಬಿಟ್ ಆಚಾರಿಯವರ ಹತ್ತಿರ ಕೇಳಿ ತನ್ನಿ.

ಟಿವಿ ಯುನಿಟ್ಟಿನ ತೂತಿನ ಅಂಚಿಗೆ ಏನೂ ಬಳಿಯದೆ ಬಿಟ್ಟಿದ್ದೆ. ಆಟಿ ತಿಂಗಳ ಮಳೆ ಮುಗಿಯುವಷ್ಟರಲ್ಲಿ ಅಂಚು ಊದಿಕೊಂಡು ಸನ್ಮೈಕಾ ಮೇಲೆದ್ದಿತ್ತು. ನಮ್ಮ ಕಡೆಯ ತೇವಕ್ಕೆ ಪಾರ್ಟಿಕಲ್ ಬೋರ್ಡ್ ತಡೆಯಲ್ಲ. ಈಗ ಊದಿದ್ದನ್ನು ಉಪ್ಪುಕಾಗದದಿಂದ ಉಜ್ಜಿ, ಎರಡು ಕೋಟ್ ವಾರ್ನಿಷ್ ಬಳಿದು, ಮೇಲೊಂದು ಪ್ಲಾಸ್ಟಿಕ್ ಬಳೆ ಕೂರಿಸಿದ್ದೇನೆ.